ಹೈಬ್ರಿಡ್ ಕಾರಿನ ಸಿಲಿಂಡರ್ ಹೆಡ್ ಬಿಚ್ಚುವ ಮುನ್ನ: ಮಾಡಿದವರ ಅನುಭವ

ಕೇಳಿದವರು:

1.8 ಲೀಟರ್ ಪೆಟ್ರೋಲ್ ಹೈಬ್ರಿಡ್ ಕಾರು. ಬೆಳಗ್ಗೆ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಇಡೀ ಕಾರು ಗಡಗಡ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಕೂಲೆಂಟ್ ನಿಧಾನವಾಗಿ ಇಳಿಯುತ್ತಿದೆ, ಆದರೆ ಹೊರಗೆಲ್ಲೂ ಸೋರಿಕೆ ಇಲ್ಲ. ಕೋಡ್ ಪಿ0301, ಅಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್ ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್, ಹೋಗಿದೆ ಅಂತ ನನ್ನ ಅಂದಾಜು. ಸಾಮಾನ್ಯ ಎಂಜಿನ್‌ಗಳ ಹೆಡ್ ಬಿಚ್ಚಿ ಕೂರಿಸಿದ ಅಭ್ಯಾಸ ಇದೆ, ಹೈಬ್ರಿಡ್ ಇದೇ ಮೊದಲು. ಇದರಲ್ಲಿ ಏನು ಬೇರೆ? ಮಾಡಿದವರು ದಯವಿಟ್ಟು ಹೇಳಿ.

ಮನೆಯಲ್ಲೇ ಈ ಕೆಲಸ ಮಾಡಿದವರೊಬ್ಬರು:

ಮೊದಲು ಅಂದಾಜನ್ನು ಖಾತ್ರಿ ಮಾಡಿಕೊಳ್ಳಿ. ಇಗ್ನಿಷನ್ ಕಾಯಿಲ್ ಕೆಟ್ಟರೂ ಇದೇ ಕೋಡ್ ಬರುತ್ತದೆ. ಒಂದನೇ ಸಿಲಿಂಡರ್‌ನ ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಇಲ್ಲಿಗೆ ಹಾಕಿ. ಕೋಡ್ ಪಿ0302 ಆದರೆ ತಪ್ಪು ಕಾಯಿಲ್‌ದು.

ಕೋಡ್ ಅಲ್ಲೇ ಉಳಿದರೆ ಕೂಲಿಂಗ್ ಸಿಸ್ಟಂಗೆ ಪ್ರೆಶರ್ ಟೆಸ್ಟರ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು ಬೋರ್‌ಸ್ಕೋಪ್ (ತೂತಿನೊಳಗೆ ನೋಡುವ ಸಣ್ಣ ಕ್ಯಾಮೆರಾ) ಇಳಿಸಿ ನೋಡಿ. ಗ್ಯಾಸ್ಕೆಟ್ ಹೋಗಿದ್ದರೆ ಆ ಸಿಲಿಂಡರ್‌ನಲ್ಲಿ ಹನಿ ಕಾಣುತ್ತದೆ. ಉಳಿದ ಪಿಸ್ಟನ್‌ಗಳ ತಲೆ ಮಸಿ ಹಿಡಿದಿರುತ್ತದೆ, ಇದೊಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತದೆ.

ಕಂಪ್ರೆಷನ್ ಟೆಸ್ಟ್ ಇಲ್ಲಿ ಸಲೀಸಲ್ಲ. ಈ ಬಗೆಯ ಹೈಬ್ರಿಡ್‌ನಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಇಲ್ಲವಲ್ಲ. ಎಂಜಿನ್ ತಿರುಗಿಸುವುದು ಮೋಟಾರ್-ಜನರೇಟರ್, ಅದೂ ಕಂಪ್ಯೂಟರ್ ಹೇಳಿದಾಗ ಮಾತ್ರ. ಸ್ಕ್ಯಾನ್ ಟೂಲ್‌ನಲ್ಲಿ ಅದಕ್ಕೆಂದೇ ಒಂದು ಮೋಡ್ ಬೇಕು. ನನಗೆ ಲೀಕ್-ಡೌನ್ ಟೆಸ್ಟೇ ಇಷ್ಟ, ಅಂದರೆ ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಹಿಡಿದು ಕೈಯಲ್ಲೇ ಎಂಜಿನ್ ತಿರುಗಿಸಬಹುದು. ಗಾಳಿ ತುಂಬುವಾಗ ಕ್ರ್ಯಾಂಕ್ ಜಾರದಂತೆ ಯಾರಾದರೂ ಹಿಡಿದುಕೊಳ್ಳಬೇಕು.

ಖಾತ್ರಿಯಾದ ಮೇಲೆ ಮತ್ತೆ ಓಡಿಸಬೇಡಿ. ಒಂದು ಸುತ್ತೂ ಬೇಡ.

ಗ್ಯಾರೇಜ್ ನಡೆಸುವವರು:

ಕೊನೆಯ ಮಾತಿಗೆ ಕಾರಣ ನಾನು ಹೇಳುತ್ತೇನೆ. ಈ ಕೆಲಸದ ಜೀವಾಳವೇ ಅದು.

ಸಾಮಾನ್ಯ ಸ್ಟಾರ್ಟರ್ ಎಂಜಿನ್ನನ್ನು ನಿಮಿಷಕ್ಕೆ ಇನ್ನೂರು ಚಿಲ್ಲರೆ ಸುತ್ತು ತಿರುಗಿಸುತ್ತದೆ. ಸಿಲಿಂಡರ್‌ನಲ್ಲಿ ನೀರು ನಿಂತಿದ್ದರೆ ಅಲ್ಲೇ ತಡೆದು ನಿಂತುಬಿಡುವುದೂ ಉಂಟು. ಹೈಬ್ರಿಡ್‌ನ ಮೋಟಾರ್ ಹಾಗಲ್ಲ. ಅದು ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸುತ್ತಿನ ಹತ್ತಿರ ಒಯ್ಯುತ್ತದೆ. ರಾತ್ರಿ ಸೋರಿದ ಕೂಲೆಂಟ್ ಪಿಸ್ಟನ್ ಮೇಲೆ ಜಾಸ್ತಿ ನಿಂತಿದ್ದರೆ, ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಹೊಸ ಗ್ಯಾಸ್ಕೆಟ್ ಹಾಕಿ, ಎಲ್ಲ ಜೋಡಿಸಿದ ಮೇಲೆ ಟಕಟಕ ಸದ್ದು ಬಂದು ಮತ್ತೆ ಬಿಚ್ಚಿದ ಎಂಜಿನ್‌ಗಳನ್ನು ನೋಡಿದ್ದೇನೆ. ಅಷ್ಟು ಶ್ರಮ ನೀರುಪಾಲಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಾಗಿ ಹೆಡ್ ಎತ್ತಿದ ತಕ್ಷಣ ಪಿಸ್ಟನ್ ಎತ್ತರ ಅಳೆಯಿರಿ. ಪ್ರತಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಬ್ಲಾಕ್‌ನ ಮೇಲ್ಮೈಯಿಂದ ಅದು ಎಲ್ಲಿದೆ ಅಂತ ಡಯಲ್ ಗೇಜ್‌ನಲ್ಲಿ ನೋಡಿ. ಪಿಸ್ಟನ್ ಪಿನ್ ಇರುವ ಸಾಲಿನಲ್ಲೇ ಅಳೆಯಬೇಕು. ಪಕ್ಕದಲ್ಲಿ ಅಳೆದರೆ ಪಿಸ್ಟನ್ ಓಲಾಡಿ ಸುಳ್ಳು ಅಂಕಿ ಕೊಡುತ್ತದೆ. ನಾಲ್ಕೂ ಒಂದೇ ಮಟ್ಟದಲ್ಲಿರಬೇಕು. ಒಂದು ಮಾತ್ರ ಕೆಳಗೆ ನಿಂತರೆ ಅದರ ರಾಡ್ ಬಾಗಿದೆ. ಆಗ ಗ್ಯಾಸ್ಕೆಟ್ ಕೆಲಸ ಅಲ್ಲಿಗೇ ನಿಲ್ಲಿಸಿ. ಹೊಸ ಸಾಮಾನು ಕೊಳ್ಳುವುದು ಈ ಅಳತೆ ಆದ ಮೇಲೆಯೇ.

ಇನ್ನು ಕರೆಂಟಿನ ವಿಷಯ. ಉದಾಹರಣೆಗೆ ಮೂರನೇ ಪೀಳಿಗೆಯ ಪ್ರಿಯಸ್‌ನ ಬ್ಯಾಟರಿ ಪ್ಯಾಕ್ 201.6 ವೋಲ್ಟ್. ಇನ್ವರ್ಟರ್ ಅದನ್ನು 650 ವೋಲ್ಟ್‌ವರೆಗೂ ಏರಿಸುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಅಂದರೆ ಇದೇ. ಕಾರ್ ಪೂರ್ತಿ ಆಫ್ ಮಾಡಿ, ಕೀಯನ್ನು ಕಾರಿನಿಂದ ದೂರ ಇಡಿ. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ. 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಸರ್ವಿಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್) ಎಳೆಯಿರಿ. ಆ ಪ್ಲಗ್ ನಿಮ್ಮ ಜೇಬಿನಲ್ಲೇ ಇರಲಿ, ಬೇರೆ ಯಾರೂ ಗೊತ್ತಿಲ್ಲದೆ ಹಾಕಬಾರದು. ಆಮೇಲೆ ಕನಿಷ್ಠ 10 ನಿಮಿಷ ಕಾಯಿರಿ, ಕೆಪಾಸಿಟರ್‌ಗಳು ಖಾಲಿಯಾಗಲಿ. ಇನ್ವರ್ಟರ್ ಮುಟ್ಟುವ ಕೆಲಸ ಇದ್ದರೆ ಮೀಟರ್ ಹಿಡಿದು ಸೊನ್ನೆ ಅಂತ ನೋಡಿಯೇ ಮುಂದುವರಿಯಿರಿ.

ಇನ್ನೊಂದು ಮಾತು. ಕಾರು ರೆಡಿ ಸ್ಥಿತಿಯಲ್ಲಿದ್ದರೆ ಎಂಜಿನ್ ನಿಶ್ಶಬ್ದವಾಗಿದ್ದರೂ ಯಾವಾಗ ಬೇಕಾದರೂ ತಾನಾಗಿ ಸ್ಟಾರ್ಟ್ ಆಗುತ್ತದೆ. ಪರೀಕ್ಷೆ ಮಾಡುವ ಹಂತದಲ್ಲೂ ಸುಮ್ನೆ ಕೈ ಹಾಕಬೇಡಿ.

ಮಷಿನ್ ಶಾಪ್‌ನಲ್ಲಿ ಹೆಡ್ ಕೆಲಸ ಮಾಡುವವರು:

ನಮ್ಮಲ್ಲಿಗೆ ಬರುವ ಹೆಡ್‌ಗಳಲ್ಲಿ ಬಿಚ್ಚುವಾಗಲೇ ಹಾಳಾದವು ಇರುತ್ತವೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬೋಲ್ಟ್‌ಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಗಿಯುವಾಗ ಉಲ್ಟಾ, ಮಧ್ಯದಿಂದ ಹೊರಕ್ಕೆ.

ಗ್ಯಾಸ್ಕೆಟ್ ಕೂರುವ ಜಾಗವನ್ನು ತಿರುಗುವ ಉಜ್ಜು ಬಿಲ್ಲೆ ಹಾಕಿ ಉಜ್ಜಬೇಡಿ, ಇದು ನನ್ನ ಕಳಕಳಿಯ ಮನವಿ. ಅಲ್ಯೂಮಿನಿಯಂ ತಗ್ಗಾಗುತ್ತದೆ. ಉದುರಿದ ಗಟ್ಟಿ ಪುಡಿ ಆಯಿಲ್‌ಗೆ ಸೇರಿ ಬೇರಿಂಗ್ ತಿನ್ನುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಕ್ಲೀನರ್, ತಾಳ್ಮೆ ಸಾಕು. ಆಮೇಲೆ ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ಹಾಕಿ ನೋಡಿ. ಈ 1.8 ಲೀಟರ್ ವರ್ಗದಲ್ಲಿ ಹೆಡ್‌ನ ಬ್ಲಾಕ್ ಕಡೆಯ ಮೇಲ್ಮೈ ಬಾಗಿರಬಹುದಾದ ಮಿತಿ 0.05 ಮಿಲಿಮೀಟರ್. ಹೆಡ್ ಮಾತ್ರವಲ್ಲ, ಬ್ಲಾಕ್ ಕೂಡ ನೋಡಿ. ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಬೋಲ್ಟ್ ತೂತುಗಳಲ್ಲಿ ಕೂಲೆಂಟ್, ಆಯಿಲ್ ಉಳಿದಿದ್ದರೆ ಗಾಳಿ ಹೊಡೆದು ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ದ್ರವ ಇದ್ದರೆ ಟಾರ್ಕ್ ಸುಳ್ಳು ತೋರಿಸುತ್ತದೆ, ಬ್ಲಾಕ್ ಬಿರಿಯಲೂಬಹುದು. ಬೋಲ್ಟ್‌ನ ದಾರಕ್ಕೆ, ತಲೆಯ ಕೆಳಗೆ ತೆಳುವಾಗಿ ಎಂಜಿನ್ ಆಯಿಲ್ ಸವರಿ.

ಕೇಳಿದವರು:

ತುಂಬಾ ಉಪಕಾರವಾಯಿತು. ಕಾಯಿಲ್ ಅದಲುಬದಲು ಮಾಡಿದೆ, ಕೋಡ್ ಬದಲಾಗಲಿಲ್ಲ. ಒಂದನೇ ಸಿಲಿಂಡರ್‌ನಲ್ಲಿ ಹನಿ ಕಂಡಿತು. ಈಗ ಹೆಡ್ ಹೊರಗಿದೆ. ಪಿಸ್ಟನ್ ಎತ್ತರ ನಾಲ್ಕೂ ಒಂದೇ ಬಂದಿದೆ! ಬ್ಲಾಕ್, ಹೆಡ್ ಎರಡೂ ಮಿತಿಯೊಳಗಿವೆ. ಬೋಲ್ಟ್ ಹಳೆಯವೇ ಹಾಕಬಹುದಾ? ಕೂಲೆಂಟ್ ತುಂಬುವುದು ಹೇಗೆ? ಬೆಲ್ಟ್‌ನಿಂದ ತಿರುಗುವ ವಾಟರ್ ಪಂಪೇ ಇಲ್ಲವಲ್ಲ.

ಮನೆಯಲ್ಲೇ ಈ ಕೆಲಸ ಮಾಡಿದವರು:

ಪಿಸ್ಟನ್ ಸುದ್ದಿ ಕೇಳಿ ನಿಜಕ್ಕೂ ಖುಷಿಯಾಯಿತು. ಬೋಲ್ಟ್‌ಗಳು ಎಳೆದು ಹಿಗ್ಗುವ ಜಾತಿಯವು. ಉದ್ದ ಅಳೆದು ಮಿತಿಯಲ್ಲಿದ್ದರೆ ಮತ್ತೆ ಹಾಕಬಹುದು. ಆದರೂ ನಾನು ಹೊಸವೇ ಹಾಕಿ ಎನ್ನುತ್ತೇನೆ. ಮೂರನೇ ಪೀಳಿಗೆಯ ಪ್ರಿಯಸ್‌ನ 2ಜೆಡ್ಆರ್-ಎಫ್ಎಕ್ಸ್ಇ ಎಂಜಿನ್‌ಗೆ ಹತ್ತು ಬೋಲ್ಟ್. ಮೊದಲು 49 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಕೊನೆಗೆ 45 ಡಿಗ್ರಿ. ಪ್ರತಿ ಬೋಲ್ಟ್ ತಲೆಗೂ ಪೇಂಟ್ ಗುರುತು ಹಾಕಿಕೊಂಡರೆ ಯಾವುದೂ ತಪ್ಪುವುದಿಲ್ಲ. ನಿಮ್ಮದು ಬೇರೆ ಎಂಜಿನ್ ಆದರೆ ಅದರ ಸರ್ವಿಸ್ ಮ್ಯಾನುಯಲ್‌ನ ಅಂಕಿಯೇ ಅಂತಿಮ. ಟೈಮಿಂಗ್ ಚೈನ್ ಗುರುತು ಕೂರಿಸಿದ ಮೇಲೆ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆ ಇಲ್ಲ ಅಂತ ನೋಡಿ.

ಕೂಲೆಂಟ್‌ಗೆ ವ್ಯಾಕ್ಯೂಮ್ ಫಿಲ್ಲರ್ ಸಿಕ್ಕರೆ ಅದೇ ಒಳ್ಳೆಯದು. ಎಲೆಕ್ಟ್ರಿಕ್ ಪಂಪ್ ಗಾಳಿ ಸಿಕ್ಕಿಕೊಂಡರೆ ನೀರು ತಳ್ಳುವುದಿಲ್ಲ. ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಕೂಲರ್, ಹೀಟರ್, ಎಕ್ಸಾಸ್ಟ್ ಬಿಸಿ ಬಳಸುವ ಘಟಕ, ಎಲ್ಲ ಕಡೆ ಗಾಳಿ ಅಡಗುತ್ತದೆ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ನಿಲ್ಲದಂತೆ ಓಡಿಸಬೇಕು. ಅದಕ್ಕೆ ಮೇಂಟೆನೆನ್ಸ್ ಮೋಡ್ ಇದೆ. ಮೂರನೇ ಪೀಳಿಗೆಯ ಪ್ರಿಯಸ್‌ನಲ್ಲಿ ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ. ಪಾರ್ಕ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಎರಡು ಸಲ, ನ್ಯೂಟ್ರಲ್‌ನಲ್ಲಿ ಎರಡು ಸಲ, ಮತ್ತೆ ಪಾರ್ಕ್‌ನಲ್ಲಿ ಎರಡು ಸಲ ಒತ್ತಿ. ಎಲ್ಲ 60 ಸೆಕೆಂಡಿನೊಳಗೆ ಆಗಬೇಕು. ಆಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಆ ಮೋಡ್‌ನಲ್ಲಿ ರಸ್ತೆಗೆ ಇಳಿಸಬೇಡಿ. ಇನ್ವರ್ಟರ್‌ಗೆ ಬೇರೆಯದೇ ಕೂಲೆಂಟ್ ಟ್ಯಾಂಕ್ ಇದೆ, ಅದನ್ನು ಖಾಲಿ ಮಾಡಿದ್ದರೆ ಅದರ ಗಾಳಿಯನ್ನೂ ತೆಗೆಯಬೇಕು.

ಗ್ಯಾರೇಜ್ ನಡೆಸುವವರು:

ಇಜಿಆರ್ ಅಂದಿರಿ, ಅದನ್ನು ಬಿಡಬೇಡಿ. ಕೂಲರ್ ಬಿಚ್ಚಿ ಬೆಳಕಿಗೆ ಹಿಡಿದರೆ ಮಸಿ ಗಟ್ಟಿಯಾಗಿ ಕೂತಿರುತ್ತದೆ. ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಒಂದು ಸಣ್ಣ ಇಜಿಆರ್ ದಾರಿ ಇದೆ, ಅವೂ ಮುಚ್ಚಿಕೊಳ್ಳುತ್ತವೆ. ಆ ಹೊಗೆ ಬರದಿದ್ದರೆ ಸಿಲಿಂಡರ್ ಒಳಗೆ ಉರಿಯುವ ಬಿಸಿ ಏರುತ್ತದೆ. ಗ್ಯಾಸ್ಕೆಟ್ ಸೋಲಲು ಇದೇ ಮುಖ್ಯ ಕಾರಣ ಎಂದು ಈ ಎಂಜಿನ್ ಬಿಚ್ಚುವ ಹಲವರ ಅಭಿಪ್ರಾಯ, ನನ್ನದೂ ಅದೇ. ಹೆಡ್ ಹೊರಗಿರುವಾಗ ಇದೆಲ್ಲ ಕೈಗೆ ಸಿಗುತ್ತದೆ. ಎರಡನ್ನೂ ಪೂರ್ತಿ ತೊಳೆದು ಒಣಗಿಸಿಯೇ ಹಾಕಿ.

ಓಡಿಸಲು ಶುರು ಮಾಡಿದ ಮೇಲೆ ಮೊದಲ ಕೆಲವು ದಿನ, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟಕ್ಕೆ ಗುರುತು ಹಾಕಿ ನೋಡುತ್ತಾ ಇರಿ. ಗಾಳಿ ಹೊರಬಂದು ಸ್ವಲ್ಪ ಇಳಿದು ನಿಂತರೆ ಸರಿ. ನಿಲ್ಲದೆ ಇಳಿಯುತ್ತಲೇ ಇದ್ದರೆ ಕಾರು ನಿಲ್ಲಿಸಿ ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.