ಪ್ರಶ್ನೋತ್ತರ: ಚೀನಾದ ಗಾಜಿನ ಚಿತ್ರ ಕೊಳ್ಳುವ ಮುನ್ನ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮುಂಬಯಿಯಲ್ಲಿ ನೆಲೆಸಿರುವವನು. ಗಾಜಿನ ಹಿಂಬದಿಯಲ್ಲಿ ಬರೆದ ಹಳೆಯ ಚಿತ್ರಗಳನ್ನು ಕೂಡಿಡುವ ಹವ್ಯಾಸವಿದ್ದು, ಈವರೆಗೆ ತಂಜಾವೂರಿನ ದೇವರ ಪಟಗಳನ್ನಷ್ಟೇ ಕೊಂಡಿದ್ದೇನೆ. ಈಗ ವ್ಯಾಪಾರಿಯೊಬ್ಬರು ಪಾರ್ಸಿ ಮನೆಯಿಂದ ಬಂದದ್ದೆಂದು ಹೇಳಿ, ಹೊಳೆಯ ದಡದಲ್ಲಿ ಕುಳಿತ ಚೀನೀ ಮಹಿಳೆಯ ಚಿತ್ರವೊಂದನ್ನು ತೋರಿಸಿದ್ದಾರೆ. ಚಿತ್ರವಿಲ್ಲದ ಭಾಗ ಕನ್ನಡಿಯಾಗಿಯೇ ಉಳಿದಿದೆ. 18ನೆಯ ಶತಮಾನದ್ದು ಎನ್ನುತ್ತಾರೆ. ಕೆಳಮೂಲೆಯಲ್ಲಿ ಎದ್ದಿರುವ ಬಣ್ಣವನ್ನು ತಾವೇ ಸರಿಪಡಿಸಿ ಕೊಡುತ್ತಾರಂತೆ. ನಂಬಬಹುದೇ?

ಉತ್ತರ: ಪಾರ್ಸಿ ಮನೆಯ ಮಾತು ಅಸಂಭವವಲ್ಲ. ಮುಂಬಯಿಯ ಪಾರ್ಸಿ ವರ್ತಕರು ಕ್ಯಾಂಟನ್ನಿನೊಡನೆ, ಅಂದರೆ ಇಂದಿನ ಗುವಾಂಗ್‌ಝೌ ನಗರದೊಡನೆ, ದೊಡ್ಡ ವ್ಯಾಪಾರ ನಡೆಸಿದವರು. ಅಂತಹ ಚಿತ್ರಗಳು ಅವರ ಮನೆಗಳಲ್ಲಿ ಇದ್ದವು. ಆದರೆ ಅಷ್ಟರಿಂದ ಕಾಲ ತೀರ್ಮಾನವಾಗದು. ಚೀನೀ ಮುಖವಿದ್ದ ಮಾತ್ರಕ್ಕೂ ಆಗದು, ಏಕೆಂದರೆ ಕ್ಯಾಂಟನ್ನಿನ ಚಿತ್ರಕಾರರು ಗಿರಾಕಿ ಕೇಳಿದ್ದನ್ನೆಲ್ಲ ಬರೆದುಕೊಡುತ್ತಿದ್ದರು. ಅಮೆರಿಕದ ಚಿತ್ರಕಾರ ಗಿಲ್ಬರ್ಟ್ ಸ್ಟುವರ್ಟ್ ಬರೆದ ಅಧ್ಯಕ್ಷ ವಾಷಿಂಗ್ಟನ್ನರ ಭಾವಚಿತ್ರದ ಗಾಜಿನ ನಕಲುಗಳನ್ನು ಅವರಿಂದ ಮಾಡಿಸಿ ಅಮೆರಿಕಕ್ಕೆ ತಂದವನ ಮೇಲೆ ಸ್ಟುವರ್ಟ್ 1802ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದ.

ಮೊದಲು ಕನ್ನಡಿಯ ಭಾಗವನ್ನು ನೋಡಿ. ದೊಡ್ಡ ಚಪ್ಪಟೆ ಗಾಜು ಯುರೋಪಿನಿಂದ ಹಡಗಿನಲ್ಲಿ ಬರುತ್ತಿತ್ತು. ಕನ್ನಡಿಯಾಗಿ ಬಂದದ್ದರ ಹಿಂಬದಿಯಲ್ಲಿ, ಚಿತ್ರಕ್ಕೆ ಬೇಕಾದಷ್ಟು ಜಾಗದ ಲೇಪವನ್ನು ಕೆರೆದು ತೆಗೆದು, ಅಲ್ಲಿ ಬಣ್ಣ ಹಚ್ಚುತ್ತಿದ್ದರು. ಆ ಲೇಪ ತವರ ಮತ್ತು ಪಾದರಸದ್ದು. ಬೆಳ್ಳಿ ಲೇಪದ ವಿಧಾನವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ರೂಪಿಸಿದ್ದು 1835ರಲ್ಲಿ. ಬಿಳಿಯ ಕಾಗದವೊಂದನ್ನು ಕನ್ನಡಿಗೆ ಹಿಡಿಯಿರಿ: ಪಾದರಸದ ಲೇಪದಲ್ಲಿ ಕಾಗದ ತುಸು ಬೂದಿಯಾಗಿ ಕಾಣುತ್ತದೆ, ಅಲ್ಲಲ್ಲಿ ಸಣ್ಣ ಹರಳುಗಳಂತೆ ಮಿನುಗುತ್ತದೆ. ಝಗಝಗಿಸಿದರೆ ಅದು ಬೆಳ್ಳಿ ಲೇಪ, ಅಂದರೆ ತಡವಾಗಿ ಮಾಡಿದ್ದು, ಅಥವಾ ಮರುಲೇಪ ಕಂಡದ್ದು. ಬಳಿಕ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಗಾಜಿನ ಮೇಲೆ ಸರಿಸಿ ನೋಡಿ. ಹಳೆಯ ಗಾಜಿನಲ್ಲಿ ಗೆರೆ ಬಳುಕುತ್ತದೆ. ಆದರೆ ಹಳೆಯ ಗಾಜಿನ ಮೇಲೆ ಹೊಸ ಚಿತ್ರ ಬರೆಯುವವರೂ ಉಂಟು, ಆದ್ದರಿಂದ ಮುಖವನ್ನು ಭೂತಗನ್ನಡಿಯಿಂದ ನೋಡದೆ ಹಣ ಕೊಡಬೇಡಿ.

ಈ ಕಲೆಯಲ್ಲಿ ಕೆಲಸದ ಕ್ರಮ ತಿರುವುಮುರುವು. ಕ್ಯಾನ್ವಾಸಿನ ಮೇಲೆ ಕೊನೆಗೆ ಬರುವ ಕಣ್ಣಿನ ಹೊಳಪು, ಹುಬ್ಬು, ತುಟಿಯ ಗೆರೆಗಳು ಇಲ್ಲಿ ಮೊದಲು ಬರುತ್ತವೆ. ಅವುಗಳ ಹಿಂದೆ ಚರ್ಮದ ಬಣ್ಣ, ಕೊನೆಗೆ ಹಿನ್ನೆಲೆ. ಹುಬ್ಬಿನ ಒಂದೊಂದು ಎಳೆ ಸ್ಪಷ್ಟವಾಗಿದ್ದರೆ ಒಳ್ಳೆಯ ಕೈ. ಚುಕ್ಕೆಗಳು ಸಾಲುಗಟ್ಟಿ ಕಂಡರೆ ಅದು ಅಚ್ಚು, ಅಲ್ಲಿಗೆ ಎದ್ದು ಬನ್ನಿ.

ರಿಪೇರಿಗೆ ಮಾತ್ರ ಒಪ್ಪಬೇಡಿ. ಹಿಂದಿನಿಂದ ಹೊಸ ಬಣ್ಣ ಬಳಿದರೆ ಎದ್ದಿರುವ ಹಳೆಯ ಪದರ ಅದರಡಿ ಸಿಕ್ಕಿಕೊಳ್ಳುತ್ತದೆ. ನನ್ನ ಬಳಿಗೆ ಬಂದ ಚಿತ್ರವೊಂದರ ಹಿಂಬದಿಯ ಧೂಳನ್ನು ಕಟ್ಟು ಹಾಕುವ ಅಂಗಡಿಯೊಂದರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಬಟ್ಟೆಯೊಡನೆ ಮಹಿಳೆಯ ಎಡಗೈ ಹೋಗಿತ್ತು. ಮೂಲೆ ಕೆಟ್ಟ, ಯಾರೂ ಮುಟ್ಟದ ಚಿತ್ರವನ್ನೇ ನಾನಾದರೆ ಕೊಳ್ಳುವೆ.

ಮರುಪ್ರಶ್ನೆ: ಕೊಂಡರೆ ಎಲ್ಲಿ ತೂಗುಹಾಕಲಿ? ಮುಂದೆ ವಿದೇಶದಲ್ಲಿರುವ ಮಗಳಿಗೆ ಕಳುಹಿಸಬಹುದೇ?

ಉತ್ತರ: ಮುಂಬಯಿಯ ಮಳೆಗಾಲದಲ್ಲಿ ಹೊರಗೋಡೆ ಬೇಡ, ಬಿಸಿಲು ಬೀಳುವ ಗೋಡೆಯೂ ಬೇಡ. ತೇವ ಏರಿ ಇಳಿದಂತೆಲ್ಲ ಬಣ್ಣ ಗಾಜನ್ನು ಬಿಡುತ್ತದೆ. ಒಳಗೋಡೆಯಲ್ಲಿ, ಚೌಕಟ್ಟಿನ ಹಿಂದೆ ಕಾರ್ಕಿನ ತುಂಡುಗಳನ್ನಿಟ್ಟು ಗಾಳಿಯಾಡುವಂತೆ ಹಾಕಿ. ಮನೆಗೆ ತರುವಾಗ ಬಣ್ಣದ ಬದಿ ಮೇಲಾಗಿ, ಗಾಜು ಕೆಳಗಾಗಿ ಮಲಗಿಸಿ ತನ್ನಿ. ಹಳೆಯ ಲೇಪದಿಂದ ಪಾದರಸದ ಹನಿಗಳು ಚೌಕಟ್ಟಿನ ತಳದಲ್ಲಿ ಇಳಿದು ಕೂತಿರುವುದುಂಟು. ಹಿಂಬದಿಯ ಹಲಗೆಯನ್ನು ನೀವಾಗಿ ಬಿಚ್ಚಬೇಡಿ.

ಮಗಳ ವಿಷಯದಲ್ಲಿ ನಿಮ್ಮನ್ನು ನಿರಾಸೆಗೊಳಿಸಬೇಕಾಗಿದೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾತನ ವಸ್ತುವಾಗುತ್ತದೆ, ಅದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಬಿಲ್ಲಿನಲ್ಲಿ ಕಾಲ ಮತ್ತು ಮೂಲವನ್ನು ಬರೆಸಿಕೊಂಡು, ನೋಂದಣಿ ಅಧಿಕಾರಿಯನ್ನು ಒಮ್ಮೆ ಕಾಣಿರಿ. ವ್ಯಾಪಾರಿ ಬರೆದುಕೊಡಲು ಹಿಂಜರಿದರೆ ಬೆಲೆಯ ಮಾತಿಗೇ ಹೋಗಬೇಡಿ.