‘ಹೈಪೊಸ್ಟಾಸಿಸ್’ ಪದಕ್ಕೆ ‘ವ್ಯಕ್ತಿ’ ಒಗ್ಗುತ್ತದೆಯೇ?

ಮಾನ್ಯರೇ,

ಕ್ರೈಸ್ತಸಭೆಯ ಮೊದಲ ಶತಮಾನಗಳ ತ್ರಿತ್ವ ಚರ್ಚೆಯನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದರ ಚರ್ಚೆಯನ್ನು) ಕನ್ನಡದಲ್ಲಿ ಬರೆಯಲು ಕುಳಿತಾಗ ನನ್ನನ್ನು ತಡೆದು ನಿಲ್ಲಿಸಿರುವುದು ‘ಹೈಪೊಸ್ಟಾಸಿಸ್’ ಎಂಬ ಒಂದು ಗ್ರೀಕ್ ಪದ. ದೇವರು ತತ್ತ್ವದಲ್ಲಿ ಒಬ್ಬನೇ, ವ್ಯಕ್ತಿಗಳು ಮೂವರು ಎಂದು ನಾವು ಸಾಮಾನ್ಯವಾಗಿ ಹೇಳುವಾಗ ‘ತತ್ತ್ವ’ ಎಂಬುದು ‘ಊಸಿಯಾ’ (ಇರುವಿಕೆಯ ಸಾರ) ಎಂಬ ಗ್ರೀಕ್ ಪದಕ್ಕೂ ‘ವ್ಯಕ್ತಿ’ ಎಂಬುದು ‘ಹೈಪೊಸ್ಟಾಸಿಸ್’ಗೂ ನಿಲ್ಲುತ್ತವೆ. ಆದರೆ 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಭೆಯ ವಿಶ್ವಾಸಪ್ರಮಾಣದ ಕೊನೆಯ ಭಾಗವು, ಮಗನು ತಂದೆಯದಲ್ಲದ ಬೇರೊಂದು ‘ಹೈಪೊಸ್ಟಾಸಿಸ್ ಅಥವಾ ಊಸಿಯಾ’ದಿಂದ ಬಂದವನು ಎನ್ನುವವರನ್ನು ಖಂಡಿಸುವಾಗ ಎರಡನ್ನೂ ಸಮಾನಪದಗಳಂತೆಯೇ ಬಳಸುತ್ತದೆ. ಅಲ್ಲಿ ‘ವ್ಯಕ್ತಿ’ ಎಂದು ಬರೆದರೆ ವಾಕ್ಯದ ಅರ್ಥವೇ ಕೆಡುತ್ತದೆ.

ಈ ಗೊಂದಲ ಅಂದಿನವರಿಗೂ ಇತ್ತು. 362ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅಲ್ಲಿನ ಬಿಷಪ್ ಅಥನೇಸಿಯಸ್ ಸೇರಿಸಿದ ಸಭೆಯು, ಒಂದು ಹೈಪೊಸ್ಟಾಸಿಸ್ ಎನ್ನುವವರನ್ನೂ ಮೂರು ಎನ್ನುವವರನ್ನೂ ವಿಚಾರಿಸಿ, ಇಬ್ಬರ ನಂಬಿಕೆಯೂ ಒಂದೇ, ಮಾತು ಮಾತ್ರ ಬೇರೆ ಎಂದು ಕಂಡುಕೊಂಡಿತು. ಲ್ಯಾಟಿನ್ನಿನವರ ಪಾಡು ಇನ್ನೂ ಕಷ್ಟದ್ದು: ‘ಸಬ್‌ಸ್ಟಾನ್ಶಿಯಾ’ ಎಂಬ ಅವರ ಪದ ರಚನೆಯಲ್ಲಿ ಹೈಪೊಸ್ಟಾಸಿಸ್‌ನ ಪಡಿಯಚ್ಚು (ಎರಡಕ್ಕೂ ‘ಅಡಿಯಲ್ಲಿ ನಿಂತದ್ದು’ ಎಂದೇ ಅರ್ಥ), ಆದರೆ ಅದು ಸೂಚಿಸುತ್ತಿದ್ದುದು ಊಸಿಯಾವನ್ನು. ಹೀಗಾಗಿ ಸಿರಿಯಾದ ಮರುಭೂಮಿಯಲ್ಲಿದ್ದ ಲ್ಯಾಟಿನ್ ವಿದ್ವಾಂಸ ಜೆರೋಮನಿಗೆ ‘ಮೂರು ಹೈಪೊಸ್ಟಾಸಿಸ್’ ಎಂದರೆ ಮೂರು ದೈವತತ್ತ್ವಗಳೆಂದೇ ಕೇಳಿಸಿತು. ರೋಮಿನ ಬಿಷಪ್ ದಮಾಸಸ್‌ಗೆ ಪತ್ರ ಬರೆದು, ಏನು ಹೇಳಬೇಕೆಂದು ಕೇಳಿದ.

ನಮ್ಮ ‘ವ್ಯಕ್ತಿ’ಯ ತೊಡಕು ಎರಡು ಬಗೆಯದು. ಸಂಸ್ಕೃತದ ಮೂಲಾರ್ಥ ‘ವ್ಯಕ್ತವಾಗುವಿಕೆ’ ಎಂದು ಹಿಡಿದರೆ, ಒಬ್ಬನೇ ದೇವರು ಮೂರು ರೂಪಗಳಲ್ಲಿ ತೋರಿಕೊಂಡ ಎಂಬ ಸಬೆಲ್ಲಿಯಸ್ ಪಂಥದ ಕಡೆಗೆ ಅದು ವಾಲುತ್ತದೆ. ಇಂದಿನ ಬಳಕೆಯಂತೆ ‘ಮನುಷ್ಯ, ಆಸಾಮಿ’ ಎಂದು ಹಿಡಿದರೆ ಮೂವರು ದೇವರುಗಳ ಕಡೆಗೆ. ‘ವ್ಯಕ್ತಿ’ ಎಂಬರ್ಥಕ್ಕೆ ಗ್ರೀಕಿನಲ್ಲಿದ್ದ ಇನ್ನೊಂದು ಪದ ‘ಪ್ರೊಸೋಪೊನ್’ಗೂ ಇಂಥದೇ ತೊಡಕು: ಅದು ಮುಖವೂ ಹೌದು, ನಾಟಕದ ಮುಖವಾಡವೂ ಹೌದು. ಆದ್ದರಿಂದಲೇ ನಾಲ್ಕನೆಯ ಶತಮಾನದ ಬಿಷಪ್ ಬಾಸಿಲ್ ಅದೊಂದೇ ಪದ ಸಾಲದೆಂದು ಹಟ ಹಿಡಿದದ್ದು.

ಕನ್ನಡ ಕ್ರೈಸ್ತರು ಬಳಸುವ ‘ತ್ರಿಯೇಕ’ (ಮೂವರಾಗಿ ಒಬ್ಬ) ಎಂಬ ಪದದ ಬಗ್ಗೆ ನನ್ನ ತಕರಾರಿಲ್ಲ. ಸಂಸ್ಕೃತ ಸಂಧಿಯಲ್ಲಿ ಅದು ‘ತ್ರ್ಯೇಕ’ವಾಗಬೇಕಿತ್ತು, ಕನ್ನಡ ಯಕಾರಾಗಮ ಮಾಡಿಕೊಂಡು ನಾಲಿಗೆಗೆ ಹಗುರವಾಯಿತು, ಅಷ್ಟೆ. ಆದರೆ ಹಿಂದಿನ ಕ್ರೈಸ್ತ ಲೇಖಕರಾದ ಥಿಯೊಫಿಲಸನ ಗ್ರೀಕ್ ‘ತ್ರಿಯಾಸ್’ನಲ್ಲಾಗಲಿ ಟೆರ್ಟುಲಿಯನ್ನನ ಲ್ಯಾಟಿನ್ ‘ಟ್ರಿನಿಟಾಸ್’ನಲ್ಲಾಗಲಿ ‘ಏಕ’ದ ಅಂಶವಿಲ್ಲವಾದ್ದರಿಂದ, ಅವರ ಕಾಲದ ಮಾತಿಗೆ ‘ತ್ರಿತ್ವ’ವೇ ಹತ್ತಿರ.

ಹೈಪೊಸ್ಟಾಸಿಸ್‌ಗೆ ಸದ್ಯ ‘ಅಧಿಷ್ಠಾನ’ (ಆಧಾರ, ನೆಲೆ) ಎಂಬುದನ್ನು ಇಟ್ಟುಕೊಂಡಿದ್ದೇನೆ. ನೈಸಿಯಾಕ್ಕೆ ಅದು ಹೊಂದುತ್ತದೆ, ಆದರೆ ‘ಮೂರು ಅಧಿಷ್ಠಾನಗಳು’ ಎಂದೊಡನೆ ವೇದಾಂತದ ಓದುಗರು ಬೇರೆಯದನ್ನೇ (ತೋರಿಕೆಗೆಲ್ಲ ಆಧಾರವಾದ ಬ್ರಹ್ಮವನ್ನು) ನೆನೆಯುತ್ತಾರೆ. 325ರ ನೈಸಿಯಾಕ್ಕೂ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೂ ಒಂದೇ ಪದ ನಡೆಯುವಂತಿದ್ದರೆ ತಿಳಿಸಿ. ಇಲ್ಲವಾದರೆ ಗ್ರೀಕ್ ಪದವನ್ನೇ ಉಳಿಸಿಕೊಳ್ಳುತ್ತೇನೆ.