.22 ರೈಫಲ್‌ಗೆ 400 ಡಾಲರ್ ಒಳಗೆ ಸ್ಕೋಪ್: ಮೊದಲ ಮ್ಯಾಚ್‌ಗೆ ಯಾವುದು ತಗೊಳ್ಳಲಿ?

ದಾವಣಗೆರೆ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ತಿರ ಇದ್ದೇನೆ, ಊರು ದಾವಣಗೆರೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಆಫೀಸಿನಲ್ಲಿ ಜೊತೆಗಿರುವ ಒಬ್ಬರು ತಮ್ಮ ಕ್ಲಬ್‌ನ ಎನ್‌ಆರ್‌ಎಲ್22 ಅನ್ನುವ .22 ರೈಫಲ್ ಶೂಟಿಂಗ್ ಮ್ಯಾಚ್ ನೋಡಲು ಕರೆದುಕೊಂಡು ಹೋಗಿದ್ದರು. ಒಂದು ಗಂಟೆ ನೋಡಿ ಬರೋಣ ಅಂತ ಹೋದವನು ಸಂಜೆವರೆಗೂ ಅಲ್ಲೇ ನಿಂತಿದ್ದೆ. ಏಣಿ ಮೆಟ್ಟಿಲ ಮೇಲೆ, ಟೈರ್ ಮೇಲೆ, ಬಕೆಟ್ ಮೇಲೆ ರೈಫಲ್ ಊರಿಕೊಂಡು 120 ಸೆಕೆಂಡ್ ಒಳಗೆ ಸಣ್ಣ ಸಣ್ಣ ಸ್ಟೀಲ್ ತಟ್ಟೆಗಳಿಗೆ ಹೊಡೆಯಬೇಕು. ಮಕ್ಕಳು, ಅಜ್ಜಂದಿರು ಎಲ್ಲರೂ ಒಟ್ಟಿಗೆ ಆಡುತ್ತಾರೆ. ನನಗೂ ಆಡಬೇಕು ಅನ್ನಿಸಿತು.

ರೈಫಲ್ ತಗೊಂಡಾಗಿದೆ, ಸಿಜಡ್ 457. ಈಗ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು ಬೇಕು. 400 ಡಾಲರ್‌ಗಿಂತ ಮೇಲೆ ಹೋಗುವ ಹಾಗಿಲ್ಲ, ಗುಂಡು, ಬೈಪಾಡ್, ಬ್ಯಾಗ್ ಎಲ್ಲಾ ಇನ್ನೂ ಬಾಕಿ ಇದೆ. ಅಂಗಡಿಯಲ್ಲಿ ಒಬ್ಬರು "ಬೇಟೆ ಸ್ಕೋಪ್ ಸಾಕು, 3-9 ಜೂಮ್" ಅಂದರು. ಇನ್ನೊಬ್ಬರು 8-34 ತೋರಿಸಿ ಜೂಮ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದರು. ಒಂದು ಕಡೆ ಎಂಒಎ, ಒಂದು ಕಡೆ ಮಿಲ್, ಮೊದಲ ಫೋಕಲ್, ಎರಡನೇ ಫೋಕಲ್. ಎರಡು ವಾರದಿಂದ ವಿಡಿಯೋ ನೋಡಿ ನೋಡಿ ಮೊದಲಿಗಿಂತ ಜಾಸ್ತಿ ಗೊಂದಲ ಆಗಿದೆ. ನಿಜವಾಗಿ ಮ್ಯಾಚ್ ಆಡುವವರು ಹೇಳಿ, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು?

ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಅಕ್ಕನ ಮಗಳು 10 ಮೀಟರ್ ಏರ್ ರೈಫಲ್ ಕಲಿಯಲು ಶುರು ಮಾಡಿದ್ದಾಳೆ. ಅವಳಿಗೂ ಇಲ್ಲಿಂದಲೇ ಒಂದು ಸ್ಕೋಪ್ ತಗೊಂಡು ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ತರೋಣ ಅಂತ ಇದ್ದೇನೆ. ಅದಕ್ಕೆ ಯಾವುದು ಸರಿ?

ಮಡಿಕೇರಿ_ಮಂಜು

ನಮಸ್ಕಾರ ಸರ್. ನಾನು ಐದು ವರ್ಷದಿಂದ ರಿಮ್‌ಫೈರ್ (.22 ಥರದ ಸಣ್ಣ ಗುಂಡಿನ) ಮ್ಯಾಚ್ ಆಡುತ್ತಿದ್ದೇನೆ, ಈಗ ಕೊಲೊರಾಡೊದಲ್ಲಿ ಇದ್ದೇನೆ.

ಜೂಮ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ನೋಡಬೇಕಾದದ್ದು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಸ್ಕೋಪ್ ಒಳಗಿನ ಗೆರೆ ಗುರಿಯ ಮೇಲೆ ಸರಿದಂತೆ ಕಾಣುವುದು. ಎಷ್ಟು ಹತ್ತಿರದವರೆಗೆ ಅದನ್ನು ಹೊಂದಿಸಲು ಆಗುತ್ತದೆ ಅನ್ನುವುದು. ಈ ಮ್ಯಾಚ್‌ನಲ್ಲಿ ಗುರಿಗಳು ಹೆಚ್ಚಾಗಿ 25 ಗಜದಿಂದ 100 ಗಜದ ಒಳಗೆ ಇರುತ್ತವೆ. ದೊಡ್ಡ ರೈಫಲ್‌ಗೆ ಮಾಡಿದ ಎಷ್ಟೋ ಸ್ಕೋಪ್‌ಗಳು 100 ಗಜಕ್ಕೇ ಗಟ್ಟಿಯಾಗಿ ಹೊಂದಿಸಿ ಬಂದಿರುತ್ತವೆ. ಅದನ್ನು ಹಾಕಿಕೊಂಡು 25 ಗಜದ ತಟ್ಟೆ ನೋಡಿದರೆ ಒಂದು, ಚಿತ್ರ ಮಸುಕಾಗಿರುತ್ತದೆ. ಎರಡು, ನಿಮ್ಮ ಕಣ್ಣು ಸ್ವಲ್ಪ ಆಚೀಚೆ ಸರಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ, ರೈಫಲ್ ಅಲುಗಾಡದೇ ಇದ್ದರೂ. ಬೆಂಚ್ ಮೇಲೆ ಕೂತು ಹೊಡೆಯುವವನಿಗೆ ಪ್ರತಿ ಸಲ ಕೆನ್ನೆ ಒಂದೇ ಜಾಗದಲ್ಲಿ ಕೂರುತ್ತದೆ, ಅವನಿಗೆ ಅಷ್ಟು ತೊಂದರೆ ಇಲ್ಲ. ಏಣಿಯ ಮೂರನೇ ಮೆಟ್ಟಿಲ ಮೇಲೆ ರೈಫಲ್ ಊರಿ, ಮೊಣಕಾಲು ಬಗ್ಗಿಸಿ, ಕತ್ತು ಓರೆ ಮಾಡಿಕೊಂಡು ಹೊಡೆಯುವವನ ಕೆನ್ನೆ ಎಲ್ಲಿ ಕೂರುತ್ತದೆ ಅಂತ ಯಾರು ಹೇಳಬೇಕು? ಮುಕ್ಕಾಲು ಇಂಚಿನ ತಟ್ಟೆಗೆ ಅಷ್ಟು ತಪ್ಪು ಸಾಕು. ಅದಕ್ಕೇ ಪಕ್ಕದ ಗುಂಡಿ ತಿರುಗಿಸಿದರೆ 25 ಗಜ ಅಥವಾ ಅದಕ್ಕಿಂತ ಹತ್ತಿರ ಬರುವಂಥದ್ದೇ ತಗೊಳ್ಳಿ. ಅಂಗಡಿಯವರು ಹೇಳಿದ 3-9 ಬೇಟೆ ಸ್ಕೋಪ್ ಇಲ್ಲೇ ಬಿದ್ದುಹೋಗುತ್ತದೆ.

ಎರಡನೆಯದು ಟರೆಟ್, ಅಂದರೆ ಗುಂಡು ಬೀಳುವ ಜಾಗವನ್ನು ಮೇಲೆ ಕೆಳಗೆ ಹೊಂದಿಸಲು ಸ್ಕೋಪ್ ಮೇಲಿರುವ ಗುಂಡಿ. .22ರ ಗುಂಡು ನಿಧಾನ. 40 ಗ್ರೇನಿನ ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ ಸುಮಾರು 1,070 ಅಡಿ ಹೋಗುತ್ತದೆ. 50 ಗಜಕ್ಕೆ ಜೀರೋ ಮಾಡಿದರೆ (ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿದರೆ) 25ರಲ್ಲಿ ಹೆಚ್ಚು ಕಡಿಮೆ ಅಲ್ಲೇ ಬೀಳುತ್ತದೆ. ಆದರೆ 100 ಗಜದಲ್ಲಿ 6-7 ಇಂಚು ಕೆಳಗೆ ಹೋಗಿರುತ್ತದೆ, ಅಂದರೆ ಸುಮಾರು 2 ಮಿಲ್. ಮ್ಯಾಚ್‌ನ ಒಂದೇ ಸ್ಟೇಜ್‌ನಲ್ಲಿ (ಹಂತದಲ್ಲಿ) ನಾಲ್ಕು ದೂರ ಬಂದರೆ ನಾಲ್ಕು ಸಲ ತಿರುಗಿಸಬೇಕು, ಇಲ್ಲವೇ ರೆಟಿಕಲ್‌ನ (ಸ್ಕೋಪ್ ಒಳಗೆ ಕಾಣುವ ಗುರಿ ಗುರುತಿನ) ಗೆರೆ ಎಣಿಸಿ ಮೇಲೆ ಹಿಡಿದು ಹೊಡೆಯಬೇಕು. ಹಾಗಾಗಿ ಮುಚ್ಚಳ ಇಲ್ಲದ, ಬೆರಳಿಗೆ ಕ್ಲಿಕ್ ಚೆನ್ನಾಗಿ ಗೊತ್ತಾಗುವ ಟರೆಟ್ ಬೇಕು. ಜೀರೋ ಸ್ಟಾಪ್ (ವಾಪಸ್ ತಿರುಗಿಸಿದಾಗ ಟರೆಟ್ ಜೀರೋದಲ್ಲೇ ನಿಲ್ಲುವ ಏರ್ಪಾಡು) ಇದ್ದರೆ ತುಂಬಾ ಒಳ್ಳೆಯದು. ಗಡಿಬಿಡಿಯಲ್ಲಿ ಒಂದು ಸುತ್ತು ತಪ್ಪಿ ಕೂತರೆ ಆ ಸ್ಟೇಜ್ ಪೂರ್ತಿ ಹೋಯಿತು ಅಂತಲೇ ಲೆಕ್ಕ.

ಗೆರೆ ಎಣಿಸಿ ಹೊಡೆಯುವುದಿದ್ದರೆ ಮೊದಲ ಫೋಕಲ್ ಪ್ಲೇನ್ ತಗೊಳ್ಳಿ. ಅದರಲ್ಲಿ ಜೂಮ್ ಜೊತೆಗೆ ರೆಟಿಕಲ್ ಕೂಡ ಹಿಗ್ಗುತ್ತದೆ, ಕುಗ್ಗುತ್ತದೆ, ಯಾವ ಜೂಮ್‌ನಲ್ಲಿದ್ದರೂ 2 ಮಿಲ್ ಅಂದರೆ 2 ಮಿಲ್. ಎರಡನೇ ಫೋಕಲ್‌ನಲ್ಲಿ ಆ ಅಳತೆ ಒಂದು ಜೂಮ್‌ಗೆ ಮಾತ್ರ ಸರಿ.

ಎಂಒಎನಾ ಮಿಲ್‌ನಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಕೋನದ ಅಳತೆ ಅಷ್ಟೇ. 100 ಗಜದಲ್ಲಿ 1 ಮಿಲ್ ಅಂದರೆ 3.6 ಇಂಚು, 1 ಎಂಒಎ ಅಂದರೆ ಒಂದಿಂಚಿಗಿಂತ ಚೂರು ಜಾಸ್ತಿ. ಟರೆಟ್ ಮತ್ತು ರೆಟಿಕಲ್ ಎರಡೂ ಒಂದೇ ಅಳತೆಯಲ್ಲಿ ಇರಲಿ, ಅದೇ ಮುಖ್ಯ. ನಿಮ್ಮ ಕ್ಲಬ್‌ನಲ್ಲಿ ಎಲ್ಲರೂ ಮಿಲ್‌ನಲ್ಲಿ ಮಾತಾಡುತ್ತಿದ್ದರೆ ಮಿಲ್ ತಗೊಳ್ಳಿ, ಪಕ್ಕದವರು "ಬಲಕ್ಕೆ ಪಾಯಿಂಟ್ ಎರಡು" ಅಂದಾಗ ನಿಂತು ಲೆಕ್ಕ ಹಾಕುವ ಕಷ್ಟ ಇರುವುದಿಲ್ಲ.

ಇನ್ನು ಜೂಮ್. ನನ್ನದು 24ರವರೆಗೆ ಹೋಗುತ್ತದೆ, ಆದರೆ ಮ್ಯಾಚ್‌ನಲ್ಲಿ 8ರಿಂದ 12ರ ಮೇಲೆ ಹೋಗುವುದೇ ಅಪರೂಪ. ಜಾಸ್ತಿ ಜೂಮ್ ಹಾಕಿದರೆ ಕಾಣುವ ಜಾಗ ಚಿಕ್ಕದಾಗುತ್ತದೆ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುವಾಗ ಗುರಿಯನ್ನೇ ಹುಡುಕುತ್ತಾ ಸೆಕೆಂಡ್ ಕಳೆಯುತ್ತವೆ.

ಈ ಬೆಲೆಯಲ್ಲಿ ನಾನು ನೋಡುವುದು ಎರಡು. ಅಥ್ಲಾನ್ ಆರ್ಗಸ್ ಬಿಟಿಆರ್ ಜೆನ್2, 6-24x50. ಪ್ಯಾರಲಾಕ್ಸ್ 10 ಗಜದವರೆಗೆ ಬರುತ್ತದೆ, ಜೀರೋ ಸ್ಟಾಪ್ ಇದೆ. ಇನ್ನೊಂದು ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಟ್ಯಾಕ್ಟಿಕಲ್. ಅದರಲ್ಲಿ ಜೀರೋ ಸ್ಟಾಪ್ ಇಲ್ಲ, ಆದರೆ ವಾರಂಟಿ ಜೀವಮಾನದ್ದು, ನಿಮ್ಮಿಂದ ಕೊಂಡವರಿಗೂ ಅದು ನಡೆಯುತ್ತದೆ. ಅದಕ್ಕೇ ಹಳೆಯದು ಸಿಕ್ಕರೂ ಧೈರ್ಯವಾಗಿ ತಗೊಳ್ಳಬಹುದು. ಆರ್ಕೆನ್ ಇಪಿ5 ಬಗ್ಗೆಯೂ ಹೇಳುತ್ತಾರೆ, ಟರೆಟ್ ಚೆನ್ನಾಗಿದೆ, ಆದರೆ ಒಂದು ಕೆಜಿಗೂ ಮೇಲೆ ತೂಕ. 

ನಮ್ಮ ಕಡೆ ಕೈಲ್ ಮುಹೂರ್ತ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ನನ್ನ ದೊಡ್ಡಪ್ಪ ಅದನ್ನು ಬರಿಗಣ್ಣಲ್ಲಿ ಹೊಡೆಯುವುದನ್ನು ನೋಡುತ್ತಾ ಬೆಳೆದವನು ನಾನು. ಅವರು ಕೋವಿ ಎತ್ತಿದಾಗ ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ಬರುತ್ತಿತ್ತು. ಅದು ಯಾಕೆ ಅಂತ ನನಗೆ ಅರ್ಥವಾದದ್ದು ಇಲ್ಲಿ ಬಂದು ಪ್ಯಾರಲಾಕ್ಸ್ ಕಲಿತ ಮೇಲೆ.

ಸುಮಾ_ಫೀನಿಕ್ಸ್

ಮಂಜು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೀವು ಎನ್‌ಆರ್‌ಎಲ್22ರ ಬೇಸ್ ಕ್ಲಾಸ್ ಅನ್ನುವ ವಿಭಾಗದಲ್ಲಿ ಆಡಬೇಕು ಅಂತಿದ್ದರೆ, ಅಲ್ಲಿ ರೈಫಲ್ ಮತ್ತು ಸ್ಕೋಪ್ ಎರಡರ ಬೆಲೆಯೂ ಸೇರಿ ಒಂದು ಮಿತಿ ಇದೆ. ಲೆಕ್ಕಕ್ಕೆ ಹಿಡಿಯುವುದು ಕಂಪನಿ ಹಾಕಿದ ಬೆಲೆ. ನೀವು ಸೇಲ್‌ನಲ್ಲಿ ಎಷ್ಟಕ್ಕೆ ತಗೊಂಡಿರಿ ಅನ್ನುವುದು ಅಲ್ಲಿ ಬರುವುದಿಲ್ಲ. ಹಾಗಾಗಿ ಸ್ಕೋಪ್ ಆರ್ಡರ್ ಮಾಡುವ ಮುಂಚೆ ಈಗಿನ ನಿಯಮ ಪುಸ್ತಕ ತೆಗೆದು ನಿಮ್ಮ 457 ಮಾಡೆಲ್‌ನ ಬೆಲೆಗೆ ಕೂಡಿಸಿ ನೋಡಿ. ಮೀರಿದರೆ ಓಪನ್ ಕ್ಲಾಸ್‌ನಲ್ಲಿ ಆಡಬಹುದು, ಬೇಜಾರೇನಿಲ್ಲ. ಮೊದಲ ವರ್ಷ ನಾನೂ ಓಪನ್‌ನಲ್ಲೇ ಆಡಿದೆ.

ಮತ್ತೆ ಗುಂಡಿಗೆ ದುಡ್ಡು ಉಳಿಸಿಕೊಳ್ಳಿ ಸರ್, ದಯವಿಟ್ಟು. ಮೂರ್ನಾಲ್ಕು ಬಗೆಯ ಗುಂಡು ಒಂದೊಂದು ಪೆಟ್ಟಿಗೆ ತಂದು ನಿಮ್ಮ ಬ್ಯಾರಲ್‌ಗೆ ಯಾವುದು ಒಗ್ಗುತ್ತದೆ ನೋಡಿ, ಒಗ್ಗಿದ್ದನ್ನು ಒಂದೇ ಲಾಟ್ ನಂಬರ್‌ನಲ್ಲಿ (ಒಂದೇ ಸಲ ತಯಾರಾದದ್ದು) ಜಾಸ್ತಿ ತಗೊಳ್ಳಿ. ಸ್ಕೋಪ್‌ಗೆ ಇನ್ನೊಂದು 200 ಡಾಲರ್ ಹಾಕುವುದಕ್ಕಿಂತ ಇದರಿಂದ ಅಂಕ ಬೇಗ ಏರುತ್ತದೆ.

ಹಾಸನ_ಹೂಸ್ಟನ್

ಸ್ಕೋಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದನ್ನು ರೈಫಲ್ ಮೇಲೆ ಹಿಡಿದಿಡುವ ರಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ. ನಾನು ಪೆಟ್ಟು ತಿಂದದ್ದು ಅಲ್ಲೇ.

ಸಿಜಡ್ 457ರ ಮೇಲೆ ಇರುವುದು 11 ಮಿಲಿಮೀಟರ್ ಡವ್‌ಟೇಲ್, ಅಂದರೆ ರಿಂಗ್ ಕೂರಿಸುವ ಓರೆ ಅಂಚಿನ ಪಟ್ಟಿ. ಪಿಕಟಿನ್ನಿ ಅನ್ನುವ ಇನ್ನೊಂದು ಬಗೆಯ ಪಟ್ಟಿಗೆ ಮಾಡಿದ ಸಾಮಾನ್ಯ ರಿಂಗ್ ಅದಕ್ಕೆ ಕೂರುವುದಿಲ್ಲ. ಡವ್‌ಟೇಲ್ ರಿಂಗ್ ತಗೊಳ್ಳಿ, ಅಥವಾ ಮೇಲೆ ಒಂದು ಪಿಕಟಿನ್ನಿ ರೈಲ್ ಹಾಕಿ. ಸ್ಕೋಪ್ ಟ್ಯೂಬ್ 30 ಮಿಲಿಮೀಟರ್ ಆದರೆ ರಿಂಗೂ 30 ಆಗಬೇಕು. ಇದಕ್ಕೆಲ್ಲ 60-80 ಡಾಲರ್ ಬೇರೆ ಇಟ್ಟುಕೊಳ್ಳಿ. ನಾನು ಮೊದಲು ಆನ್‌ಲೈನ್‌ನಲ್ಲಿ ಸಿಕ್ಕ ತೀರಾ ಕಡಿಮೆ ಬೆಲೆಯ ರಿಂಗ್ ಹಾಕಿದ್ದೆ. ಎರಡು ತಿಂಗಳು ಜೀರೋ ತಪ್ಪುತ್ತಲೇ ಇತ್ತು. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಒದ್ದಾಡಿದೆ, ಆಮೇಲೆ ನೋಡಿದರೆ ಹಿಂದಿನ ರಿಂಗ್ ಜಾರುತ್ತಿತ್ತು. ಬಿಗಿತವನ್ನು ಇಂಚ್-ಪೌಂಡ್‌ನಲ್ಲಿ ತೋರಿಸುವ ಸಣ್ಣ ಟಾರ್ಕ್ ಸ್ಕ್ರೂಡ್ರೈವರ್ ಯಾರ ಹತ್ತಿರವಾದರೂ ಕೇಳಿ ತಗೊಳ್ಳಿ. ರಿಂಗಿನ ಮೇಲಿನ ಮುಚ್ಚಳಕ್ಕೆ ಸಾಮಾನ್ಯವಾಗಿ 15ರಿಂದ 18 ಸಾಕು, ರಿಂಗ್ ಜೊತೆ ಬಂದ ಕಾಗದದಲ್ಲಿ ಏನಿದೆಯೋ ಅದನ್ನೇ ಅನುಸರಿಸಿ. ಜಾಸ್ತಿ ಬಿಗಿದರೆ ಟ್ಯೂಬ್ ನಜ್ಜಾಗುತ್ತದೆ.

ಕೂರಿಸುವಾಗ ಜೂಮ್ ಪೂರ್ತಿ ಮೇಲಿಟ್ಟು, ನೀವು ಹೊಡೆಯುವ ಭಂಗಿಯಲ್ಲೇ ಮಲಗಿ, ಕಣ್ಣು ಮುಚ್ಚಿ ಕೆನ್ನೆ ಊರಿ, ಆಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣಬೇಕು. ಇಲ್ಲದಿದ್ದರೆ ಸ್ಕೋಪ್ ಹಿಂದೆ ಮುಂದೆ ಸರಿಸಿ. ಮನೆಯಲ್ಲಿ ಮಾಡುವುದಾದರೆ ಬೋಲ್ಟ್ ತೆಗೆದಿಟ್ಟು ಮಾಡಿ. ದೂರದಲ್ಲಿ ಒಂದು ದಾರಕ್ಕೆ ಭಾರ ಕಟ್ಟಿ ತೂಗುಹಾಕಿ, ನಮ್ಮೂರಲ್ಲಿ ಗಾರೆ ಕೆಲಸದವರು ತೂಕದ ಗುಂಡು ಬಿಡುತ್ತಾರಲ್ಲ ಹಾಗೆ. ರೈಫಲ್ ಸಮವಾಗಿ ಇಟ್ಟು ರೆಟಿಕಲ್‌ನ ನೇರ ಗೆರೆಯನ್ನು ಆ ದಾರಕ್ಕೆ ಹೊಂದಿಸಿ. ಓರೆ ಇದ್ದರೆ ದೂರ ಹೋದಷ್ಟೂ ಗುಂಡು ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು, ಬಹಳ ಜನ ತಪ್ಪು ಮಾಡುವುದು. ಸ್ಕೋಪ್‌ನಲ್ಲೇ ಕಣ್ಣಿನ ಕಡೆ ಇರುವ ಫೋಕಸ್ ರಿಂಗ್ ತಿರುಗಿಸಿ ಮೊದಲು ರೆಟಿಕಲ್ ಚೂಪಾಗಿ ಕಾಣುವ ಹಾಗೆ ಮಾಡಿಕೊಳ್ಳಬೇಕು, ಬಿಳಿ ಗೋಡೆ ನೋಡಿಕೊಂಡು. ಅದು ಒಮ್ಮೆ ಆಯಿತು ಅಂದರೆ ಮತ್ತೆ ಮುಟ್ಟಬೇಡಿ. ಆಮೇಲೆ ಪಕ್ಕದ ಗುಂಡಿಯಿಂದ ಪ್ಯಾರಲಾಕ್ಸ್. ಗುಂಡಿಯ ಮೇಲೆ ಬರೆದ ಗಜ ನಂಬಬೇಡಿ, ತಲೆ ಸ್ವಲ್ಪ ಅಲ್ಲಾಡಿಸಿ ಗೆರೆ ಗುರಿ ಮೇಲೆ ನಿಂತಿದೆಯಾ ನೋಡಿ.

ದಾವಣಗೆರೆ_ಡಲ್ಲಾಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರದಲ್ಲಿ ಆಗದ್ದು ಒಂದು ರಾತ್ರಿಯಲ್ಲಿ ಅರ್ಥವಾಯಿತು. ಡವ್‌ಟೇಲ್ ವಿಷಯ ಗೊತ್ತೇ ಇರಲಿಲ್ಲ, ಪಿಕಟಿನ್ನಿ ರಿಂಗ್ ಆರ್ಡರ್ ಮಾಡಿದ್ದೆ, ಈಗಷ್ಟೇ ಕ್ಯಾನ್ಸಲ್ ಮಾಡಿದೆ. ಹಾಸನದ ಸರ್, ಸ್ಕೋಪ್ ಬಂದ ಮೇಲೆ ಟರೆಟ್ ಸರಿಯಾಗಿ ಓಡುತ್ತಿದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ?

ಹಾಸನ_ಹೂಸ್ಟನ್

ಸುಲಭ. ಉದ್ದದ ಕಾಗದ ಅಥವಾ ರಟ್ಟು ತಗೊಂಡು ತೂಕದ ದಾರ ಬಿಟ್ಟು ನೇರ ಗೆರೆ ಎಳೆಯಿರಿ. ಟೇಪ್ ಹಿಡಿದು ಅಳೆದು ಸರಿಯಾಗಿ 50 ಗಜದಲ್ಲಿ ನಿಲ್ಲಿಸಿ. ಕೆಳಗಿನ ಚುಕ್ಕಿಗೆ ಐದು ಗುಂಡು ಹೊಡೆಯಿರಿ. ಆಮೇಲೆ ಅದೇ ಚುಕ್ಕಿಗೆ ಗುರಿ ಇಟ್ಟು, ಟರೆಟ್ 10 ಮಿಲ್ ಮೇಲೆ ತಿರುಗಿಸಿ ಇನ್ನೈದು. ಎರಡು ಗುಂಪಿನ ನಡುವೆ 18 ಇಂಚು ಇರಬೇಕು, ಮೇಲಿನ ಗುಂಪು ಗೆರೆ ಬಿಟ್ಟು ಪಕ್ಕಕ್ಕೆ ಹೋಗಿರಬಾರದು. ಮತ್ತೆ ಸೊನ್ನೆಗೆ ತಂದು ಹೊಡೆದರೆ ಮೊದಲಿನ ಗುಂಪಿನ ಮೇಲೆಯೇ ಬೀಳಬೇಕು. ಕಡಿಮೆ ಬೆಲೆಯ ಸ್ಕೋಪ್‌ನಲ್ಲಿ ಗಾಜು ಸ್ವಲ್ಪ ಮಂಕಾಗಿದ್ದರೆ ನಾನು ಸಹಿಸುತ್ತೇನೆ. ಆದರೆ ಸೊನ್ನೆಗೆ ವಾಪಸ್ ಬರದ ಸ್ಕೋಪ್ ಅನ್ನು ವಾಪಸ್ ಕಳಿಸುವ ಅವಧಿ ಮುಗಿಯುವ ಮುಂಚೆ ಕಳಿಸಿಬಿಡಿ.

ಶಿರಸಿ_ಸಿಯಾಟಲ್

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು, ಯಾಕೆಂದರೆ ನಮ್ಮವರಲ್ಲಿ ಬಹಳ ಜನ ಎಚ್-1ಬಿಯಲ್ಲಿ ಇದ್ದಾರೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ, ಕೆಲವು ವಿನಾಯಿತಿ ಬಿಟ್ಟು. ಅದರಲ್ಲಿ ಹೆಚ್ಚು ಜನ ಬಳಸುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದಕ್ಕೂ ಇದು ಅನ್ವಯಿಸುತ್ತದೆ. ಗೆಳೆಯರ ಜೊತೆ ಮ್ಯಾಚ್‌ಗೆ ಹೋಗಿ "ಒಂದು ಸಲ ಹೊಡೆದು ನೋಡು" ಅಂದಾಗ ಕೈಗೆ ತಗೊಳ್ಳುವ ಮುಂಚೆ ವಕೀಲರನ್ನು ಕೇಳಿ. ವೀಸಾ, ಕೆಲಸ, ಮನೆಯವರು ಎಲ್ಲಾ ಅದರ ಮೇಲೆ ನಿಂತಿದೆ.

ದಾವಣಗೆರೆಯವರೇ, ಡಿಸೆಂಬರ್ ವಿಷಯ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿ ಇರುವ ವಸ್ತು. ಚಾಕೊಲೇಟ್ ಜೊತೆ ಸೂಟ್‌ಕೇಸಿಗೆ ಹಾಕಿಕೊಂಡು ಹೊರಡುವ ಸಾಮಾನಲ್ಲ, ಬೇಡವೇ ಬೇಡ.

ಜಯನಗರ_ಅಮ್ಮ

ನನ್ನ ಮಗಳು ಬೆಂಗಳೂರಿನಲ್ಲಿ ಮೂರು ವರ್ಷದಿಂದ 10 ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಕ್ಕನ ಮಗಳಿಗೆ ಸ್ಕೋಪ್ ಬೇಡ ಸರ್. ಈ ಆಟದಲ್ಲಿ ದೂರದರ್ಶಕ ಸ್ಕೋಪ್‌ಗೆ ಅವಕಾಶವೇ ಇಲ್ಲ. ಒಲಿಂಪಿಕ್ಸ್‌ನ ಎಲ್ಲಾ ರೈಫಲ್ ಸ್ಪರ್ಧೆಗಳಲ್ಲೂ ಪೀಪ್ ಸೈಟ್, ಅಂದರೆ ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಬಳೆ, ಆ ಬಳೆಯೊಳಗೆ ಟಾರ್ಗೆಟ್‌ನ ಕಪ್ಪು ಕೂರಿಸಬೇಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದೂ ಹಾಗೆಯೇ, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್‌ನಲ್ಲಿ ಕಂಚು ಗೆದ್ದದ್ದೂ ಹಾಗೆಯೇ. ಆ 10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್, ಪೆಲೆಟ್ಟೇ 4.5 ಮಿಲಿಮೀಟರ್. ಮೊದಲ ಸಲ ಆ ಚುಕ್ಕಿ ನೋಡಿದಾಗ ನನಗೆ ನಂಬಲು ಆಗಲಿಲ್ಲ.

ಶುರುವಿನಲ್ಲಿ ಕ್ಲಬ್ ರೈಫಲ್‌ನಲ್ಲೇ ಕಲಿಯಲಿ. ಕೊಡಬೇಕು ಅನ್ನಿಸಿದರೆ ಒಳ್ಳೆಯ ಶೂಟಿಂಗ್ ಗ್ಲೌಸ್ ಕೊಡಿ, ಮೊದಲು ಅವಳ ಕೋಚ್ ಹತ್ತಿರ ಅಳತೆ ಕೇಳಿಕೊಳ್ಳಿ. ಜಾಕೆಟ್ ಮಾತ್ರ ಈಗಲೇ ತರಬೇಡಿ, ಬೆಳೆಯುವ ಮಕ್ಕಳು ಒಂದು ವರ್ಷದಲ್ಲಿ ಅದನ್ನು ಮೀರುತ್ತಾರೆ.

ದಾವಣಗೆರೆ_ಡಲ್ಲಾಸ್

ಮೇಡಂ, ತುಂಬಾ ಉಪಕಾರ ಆಯಿತು. ಅಕ್ಕನಿಗೆ ಫೋನ್ ಮಾಡಿ ಗ್ಲೌಸ್ ಅಳತೆ ಕೇಳಿದ್ದೇನೆ.

ಆರ್ಗಸ್ 6-24 ಮಿಲ್ ರೆಟಿಕಲ್ ಇರುವುದು ತಗೊಂಡೆ, ಜೊತೆಗೆ ಡವ್‌ಟೇಲ್ ರಿಂಗ್. ಬೇಸ್ ಕ್ಲಾಸ್ ಲೆಕ್ಕ ಹಾಕಿದೆ, ಮೀರುತ್ತದೆ, ಹಾಗಾಗಿ ಓಪನ್. ಶನಿವಾರ ಹಾಸನದ ಸರ್ ಹೇಳಿದ ಹಾಗೆ ರಟ್ಟಿನ ಮೇಲೆ ಗೆರೆ ಎಳೆದು 50 ಗಜದಲ್ಲಿ ಹೊಡೆದೆ. 18 ಇಂಚು ಬರಬೇಕಿತ್ತು, ಹದಿನೇಳು ಮುಕ್ಕಾಲು ಬಂತು. ನನ್ನ ಗುಂಪೇ ಮುಕ್ಕಾಲು ಇಂಚು ಅಗಲ ಇದೆ, ಅದರಲ್ಲಿ ಕಾಲು ಇಂಚು ಸ್ಕೋಪ್‌ದಾ ನನ್ನದಾ ಅಂತ ಹೇಳಲು ಬರುವುದಿಲ್ಲ. ಸೊನ್ನೆಗೆ ಮಾತ್ರ ಸರಿಯಾಗಿ ವಾಪಸ್ ಬಂತು. ಮುಂದಿನ ವಾರ ಇನ್ನೊಂದು ಬಗೆಯ ಗುಂಡು ತಂದು ಮತ್ತೊಮ್ಮೆ ಹೊಡೆದು ನೋಡುತ್ತೇನೆ. ಮ್ಯಾಚ್ ಇರುವುದು 22ಕ್ಕೆ, ಹೆಸರು ಕೊಟ್ಟಾಗಿದೆ.